ಎಂಟು ಪಟ್ಟಿಯ ಹೊಲ

ಜೂನ್ 3

ಈ ಪುಸ್ತಕ ನನ್ನದಲ್ಲ. ಕೃಷಿ ಕಚೇರಿಯ ಕನ್ನಡಕದ ಮೇಡಂ ತಂದು ಇವರ ಕೈಗೆ ಕೊಟ್ಟದ್ದು. ರಟ್ಟಿನ ಮೇಲೆ ದಪ್ಪ ಅಕ್ಷರದಲ್ಲಿ ‘ಬೆಳೆ ದಾಖಲೆ’ ಎಂದಿದೆ. ಯಾವತ್ತು ಏನು ಬಿತ್ತಿದಿರಿ, ಯಾವತ್ತು ಹೂ ಬಿಟ್ಟಿತು, ಯಾವತ್ತು ಕೊಯ್ದಿರಿ, ಎಲ್ಲವನ್ನೂ ರೈತರೇ ಬರೆದಿಡಬೇಕಂತೆ. ನಮ್ಮ ಮನೆಯ ರೈತರು ಮೊದಲ ಪುಟದಲ್ಲಿ ಚೆಂದವಾಗಿ ತಮ್ಮ ಹೆಸರು ಬರೆದು ಪುಸ್ತಕವನ್ನು ಕಿಟಕಿಯಲ್ಲಿಟ್ಟರು. ಅಲ್ಲಿಗೆ ಅವರ ದಾಖಲೆ ಮುಗಿಯಿತು.

ಇನ್ನೂರು ಖಾಲಿ ಪುಟಗಳಿವೆ. ನನ್ನ ಹೊಟ್ಟೆಯಲ್ಲಿ ಕುದಿಯುತ್ತಿರುವುದೂ ಹೆಚ್ಚುಕಡಿಮೆ ಅಷ್ಟೇ ಇದೆ. ಬಾಯಿಬಿಟ್ಟರೆ “ನಿಂದು ಯಾವಾಗ್ಲೂ ಇದ್ದದ್ದೇ” ಎನ್ನುತ್ತಾರೆ. ಪುಸ್ತಕ ಹಾಗನ್ನುವುದಿಲ್ಲವಲ್ಲ.

ಸಂಗತಿ ಇಷ್ಟೇ. ನಮಗಿರುವುದು ಐದು ಎಕರೆ. ನಾನು ಸೊಸೆಯಾಗಿ ಬಂದ ಇಪ್ಪತ್ತೆರಡು ವರ್ಷದಿಂದ ಐದಕ್ಕೆ ಐದೂ ಮೆಕ್ಕೆಜೋಳ. ಟ್ರ್ಯಾಕ್ಟರು ಬಿತ್ತುತ್ತದೆ, ಔಷಧಿ ಕಳೆ ಸುಡುತ್ತದೆ, ಯಂತ್ರ ಬಂದು ಒಂದೇ ಬೆಳಿಗ್ಗೆಯಲ್ಲಿ ಕೊಯ್ದು ಚೀಲ ತುಂಬಿ ಹೋಗುತ್ತದೆ. ಹೀಗಿರುವಾಗ ಇವರು ಎರಡು ದಿನ ತರಬೇತಿಗೆ ಹೋದರು. ಹೋದದ್ದು ನನ್ನ ಗಂಡ, ಬಂದದ್ದು ಯಾರೋ ಬೇರೆ. ಚಪ್ಪಲಿ ಬಿಡುವ ಮೊದಲೇ ಭಾಷಣ.

“ಒಂದೇ ಬೆಳೆ ನೆಚ್ಕೊಂಡಿರೋದು ಅಂದ್ರೆ ಒಂಟಿ ಕಾಲಲ್ಲಿ ನಿಂತ ಹಾಗೆ ಕಣೆ. ಮೂರು ಎಕರೆ ಬಿಡಿಸಿ ಎಂಟು ಪಟ್ಟಿ ಮಾಡ್ತೀನಿ. ಎಂಟು ಬೆಳೆ!”

“ಕೊಯ್ಯೋರು ಯಾರು?” ಎಂದೆ.

“ಎಂಟು ಬೆಳೆ ಕಣೆ,” ಎಂದರು ಮತ್ತೆ, ಕಿವಿ ಕೇಳಿಸದವಳಿಗೆ ಹೇಳುವಂತೆ.

ಅತ್ತೆ ಗೋಡೆಗೊರಗಿ ಕೂತಿದ್ದವರು ಹಣೆ ಚಚ್ಚಿಕೊಂಡರು. “ಇದನ್ನೇ ಮಾಡಿ ಮಾಡಿ ನನ್ನ ಸೊಂಟ ಬಿದ್ದೋಯ್ತು. ಮೆಕ್ಕೆಜೋಳ ಬಂದ್ಮೇಲೇ ನಾನು ಬೆನ್ನು ನೆಟ್ಟಗೆ ಮಾಡಿದ್ದು. ಈಗ ಇವನಿಗೆ ಹಳೇ ಹುಚ್ಚು ಹೊಸದಾಗಿ ಹಿಡೀತು.”

ಅತ್ತೆಯೂ ನಾನೂ ಒಂದೇ ಕಡೆ ನಿಂತದ್ದು ಇಪ್ಪತ್ತೆರಡು ವರ್ಷದಲ್ಲಿ ಇದೇ ಮೊದಲು. ಅದನ್ನಾದರೂ ದಾಖಲೆ ಮಾಡಬೇಕು.

ಜೂನ್ 9

ಬಿತ್ತನೆಯಾಯಿತು. ಹೆಸರು, ಅಲಸಂದೆ, ಎಳ್ಳು, ಸಜ್ಜೆ, ತೊಗರಿ, ಸೂರ್ಯಕಾಂತಿ, ಹರಳು, ಕುಂಬಳ. ರಸ್ತೆ ಕಡೆಯಿಂದ ಇದೇ ಸಾಲು.

ಟ್ರ್ಯಾಕ್ಟರಿನವನು ಎರಡು ಎಕರೆ ಮೆಕ್ಕೆಜೋಳ ಮುಗಿಸಿ, ಎಳ್ಳು ನೋಡಿ ನಕ್ಕುಬಿಟ್ಟ. “ಇದು ನನ್ನ ಯಂತ್ರದ ತೂತಲ್ಲಿ ಸುರಿದೇ ಹೋಗುತ್ತೆ. ಕೈಯಲ್ಲೇ ಹಾಕ್ಬೇಕು,” ಎಂದ. ಕೈ ಯಾರದು ಎಂದು ಯಾರೂ ಕೇಳಲಿಲ್ಲ. ಎಳ್ಳಿಗೆ ಮರಳು ಬೆರೆಸಿ ಹಾಕಿದೆ, ಇಲ್ಲದಿದ್ದರೆ ಒಂದೇ ಕಡೆ ಗುಪ್ಪೆಯಾಗುತ್ತದೆ. ಇದನ್ನು ಹೇಳಿಕೊಟ್ಟದ್ದು ಅತ್ತೆ, ಬೈಯುತ್ತಲೇ.

ಇವರು ಪಟ್ಟಿಗಳ ತುದಿಯಲ್ಲಿ ಹಲಗೆ ನೆಟ್ಟರು, ಒಂದೊಂದರ ಮೇಲೂ ಬೆಳೆಯ ಹೆಸರು. ಎರಡು ಹಲಗೆ ಅದಲುಬದಲಾಗಿವೆ. ನಾನು ಹೇಳಲಿಲ್ಲ.

ಜೂನ್ 27

ಕಳೆ. ಔಷಧಿ ಹೊಡೆಯುವ ಹಾಗಿಲ್ಲ. ಒಂದು ಪಟ್ಟಿಗೆ ಹೊಡೆದರೆ ಪಕ್ಕದ್ದು ಸಾಯುತ್ತದೆ. ಆದ್ದರಿಂದ ಕೈಯಲ್ಲೇ ಕೀಳಬೇಕು. ಹೀಗೆಂದು ಇವರು ಬಹಳ ಜ್ಞಾನದಿಂದ ವಿವರಿಸಿ, ಜಿಲ್ಲಾ ಸಭೆಗೆ ಬಸ್ಸು ಹತ್ತಿದರು.

ಜೊತೆಗೆ ಗಡಿಬಿಡಿಯನ್ನು ಕರೆದುಕೊಂಡೆ. ಹಿಂದಿನ ಬೀದಿಯವಳು. ಊಟ ಮಾಡುವಾಗಲೂ ಬಸ್ಸು ತಪ್ಪಿಹೋಗುವವಳ ಹಾಗೆ ಮಾಡುವುದರಿಂದ ಆ ಹೆಸರು. ಕೆಲಸಕ್ಕೆ ನಿಂತರೆ ಮೂರು ಜನಕ್ಕೆ ಸಮ. ಊರೆಲ್ಲ ಮೆಕ್ಕೆಜೋಳವಾದಾಗಿನಿಂದ ಅವಳಿಗೆ ಇಲ್ಲಿ ಕೂಲಿಯಿಲ್ಲ, ದಿನಾ ಎರಡು ಬಸ್ಸು ಬದಲಿಸಿ ಇಟ್ಟಿಗೆ ಗೂಡಿಗೆ ಹೋಗುತ್ತಿದ್ದಳು.

“ನಿಮ್ಮ ಮನೆಯವ್ರ ಹುಚ್ಚು ಇನ್ನೊಂದ್ ನಾಲ್ಕು ವರ್ಷ ವಾಸಿಯಾಗ್ದೇ ಇರ್ಲಿ ಅಕ್ಕ,” ಎಂದಳು.

“ನಿನ್ನ ಬಾಯಿಗೆ ಮಣ್ಣು ಹಾಕ,” ಎಂದೆ. ಬಾಯಿಗೆ ನಿಜವಾಗಿಯೂ ಮಣ್ಣು ಹತ್ತಿತ್ತು, ಇಬ್ಬರೂ ನಕ್ಕೆವು. ಬೆನ್ನು ಮಾತ್ರ ನಗಲಿಲ್ಲ.

ಜುಲೈ 14

ಎರಡನೆಯ ಸಲ ಕಳೆ. ಇವರು ರೇಡಿಯೋದಲ್ಲಿ ಮಾತಾಡಿದರಂತೆ. ನಾನು ಹೊಲದಲ್ಲಿದ್ದೆ, ಕೇಳಲಿಲ್ಲ.

ಅಲಸಂದೆ ಹಬ್ಬಿ ನೆಲ ಮುಚ್ಚಿದೆ, ಅದರಡಿ ಕಳೆ ಕಡಿಮೆ. ಅದೊಂದೇ ನಮ್ಮ ಮನೆಯಲ್ಲಿ ತನ್ನ ಕೆಲಸ ತಾನು ಮಾಡಿಕೊಳ್ಳುವುದು.

ಆಗಸ್ಟ್ 19

ಹೆಸರು ಒಂದೇ ಸಲ ಮಾಗುವುದಿಲ್ಲ. ಕೆಳಗಿನ ಕಾಯಿ ಒಣಗಿ ಸಿಡಿಯುವಾಗ ಮೇಲೆ ಇನ್ನೂ ಹೂವು. ಆದ್ದರಿಂದ ಮೂರು ಸಲ ಬಿಡಿಸಬೇಕು. ಇಂದು ಮೂರನೆಯದು. ಬೆಳಿಗ್ಗೆ ಇಬ್ಬನಿ ಆರುವ ಮೊದಲೇ ಮುಗಿಸಬೇಕು. ಬಿಸಿಲೇರಿದರೆ ಕೈ ತಾಕಿದ ಕೂಡಲೇ ಕಾಯಿ ಪಟ್ಟೆಂದು ಒಡೆದು ಕಾಳೆಲ್ಲ ನೆಲಕ್ಕೆ.

ಗಡಿಬಿಡಿ, ನಾನು ಬಿಡಿಸಿದೆವು. ಅತ್ತೆ ಅಂಗಳದಲ್ಲಿ ಬಡಿದರು. “ನಾನು ಬಡಿಯೋದಿಲ್ಲ, ಸತ್ರೂ ಬಡಿಯೋದಿಲ್ಲ” ಎಂದು ಬೆಳಿಗ್ಗೆಯಿಂದ ಸಾರಿ, ಮಧ್ಯಾಹ್ನಕ್ಕೆ ಕೋಲು ಹಿಡಿದು ಕೂತರು.

ಸಂಜೆ ಇವರು ಬಂದರು, ಕೈಯಲ್ಲಿ ಗಾಜಿನ ಫಲಕ. ‘ಮಾದರಿ ರೈತ’. ಅದನ್ನು ಎಲ್ಲಿಡುವುದೆಂದು ಅರ್ಧ ಗಂಟೆ ಯೋಚಿಸಿ, ನಾನು ಉಪ್ಪಿನ ಡಬ್ಬ ಇಡುವ ಜಾಗದಲ್ಲಿಟ್ಟರು. ಕೈ ಕೆಸರಾದರೆ ಬಾಯಿ ಮೊಸರಂತೆ. ಸರಿ. ಆದರೆ ಕೆಸರು ಒಬ್ಬರ ಕೈಗೆ, ಮೊಸರು ಇನ್ನೊಬ್ಬರ ಬಾಯಿಗೆ ಎಂದು ಆ ಗಾದೆ ಕಟ್ಟಿದವರು ಹೇಳಲಿಲ್ಲ.

ಸೆಪ್ಟೆಂಬರ್ 8

ಎಳ್ಳು ಹೋಯಿತು.

ಸಜ್ಜೆಯೂ ಎಳ್ಳೂ ಒಂದೇ ವಾರ ಮಾಗಿದವು. ಹಕ್ಕಿಗಳು ಸಜ್ಜೆಗೆ ಬಿದ್ದಿದ್ದವು, ಅದನ್ನು ಮೊದಲು ಕೊಯ್ದೆವು. ನಾಲ್ಕು ದಿನ ಹಿಡಿಯಿತು. ಎಳ್ಳಿನ ಕಾಯಿ ತುದಿಯಲ್ಲಿ ಬಾಯಿಬಿಡುತ್ತಿದೆ, ಇವತ್ತು ಕೊಯ್ಯಲೇಬೇಕು ಎಂದು ಇವರಿಗೆ ಹೇಳಿದೆ. ಇವರಿಗೆ ಬೇರೆ ಜಿಲ್ಲೆಯಲ್ಲಿ ಭಾಷಣ. “ಬೆಳೆ ಬದಲಾವಣೆಯಿಂದ ಬದುಕಿನ ಭದ್ರತೆ.” ಇನ್ನೆರಡು ಕೈ ಇದ್ದಿದ್ದರೆ ಸಾಕಿತ್ತು. ನಿನ್ನೆ ಮಧ್ಯಾಹ್ನ ಜಡಿಮಳೆ ಶುರುವಾಯಿತು. ಇಂದು ಹೋಗಿ ನೋಡಿದರೆ ಗಿಡ ನಿಂತಿದೆ, ಕಾಯಿ ಖಾಲಿ. ಕಾಳೆಲ್ಲ ಕೆಸರಿನಲ್ಲಿ. ಮೂರು ತಿಂಗಳ ಕೆಲಸ ಒಂದು ಮಧ್ಯಾಹ್ನದಲ್ಲಿ ಹೋಯಿತು.

ಇವರು ಬಂದರು. “ಹೋಗ್ಲಿ ಬಿಡೆ, ಅದಕ್ಕೇ ಎಂಟು ಬೆಳೆ ಹಾಕೋದು. ಒಂದು ಹೋದ್ರೆ ಏಳಿರುತ್ತೆ,” ಎಂದರು.

“ಎಂಟೂ ನಾನೇ ಕೊಯ್ಯಬೇಕಾದ್ರೆ ಏಳು ಹೇಗ್ರೀ ಇರುತ್ತೆ? ನಿಮ್ಮ ತರಬೇತೀಲಿ ಕೊಯ್ಯೋರ ಲೆಕ್ಕ ಹೇಳಿಕೊಟ್ಟಿದ್ರಾ?”

“ಎಳ್ಳು ಹೋಗಿದ್ದಕ್ಕೆ ನನ್ನ ಮೇಲೆ ಯಾಕೆ ಕೂಗ್ತೀಯ? ಮಳೆ ನಾನು ತಂದ್ನಾ?”

“ಕೊಯ್ಯೋ ಕೈ ತಗೊಂಡ್ ಹೋಗಿ ಮೈಕ್ ಹಿಡಿದ್ರಲ್ಲ, ಅದಕ್ಕೆ!”

ಅತ್ತೆ ಒಳಗಿನಿಂದ, “ಇಬ್ಬರೂ ಮೆತ್ತಗೆ ಕೂಗಿ, ನಂಗೆ ತಲೆನೋವು,” ಎಂದರು.

ಸೆಪ್ಟೆಂಬರ್ 9

ಎರಡು ಬೆಳೆ ಒಂದೇ ವಾರ ಮಾಗಬಾರದು. ಇಷ್ಟು ಸಣ್ಣ ವಿಷಯ ಯಾವ ಪಂಡಿತರಿಗೂ ಹೊಳೆಯಲಿಲ್ಲವೇ?

ಸೆಪ್ಟೆಂಬರ್ 30

ಇಂದು ನಡೆದದ್ದನ್ನು ನೆನೆದರೆ ಬೆವರು ಬರುತ್ತದೆ.

ಕನ್ನಡಕದ ಮೇಡಂ ಮೂವತ್ತು ಜನರನ್ನು ವ್ಯಾನಿನಲ್ಲಿ ಕರೆತಂದರು, ಬೇರೆ ಊರಿನ ರೈತರು. ಹತ್ತು ಹನ್ನೆರಡು ಹೆಂಗಸರೂ ಇದ್ದರು. ನಾನು ಚಹಾದ ಕೆಟಲು ಹಿಡಿದು ಬದುವಿನ ಮೇಲೆ ನಿಂತಿದ್ದೆ. ಇವರು ಹೊಸ ಅಂಗಿ ಹಾಕಿಕೊಂಡು ಪಟ್ಟಿಪಟ್ಟಿಯಾಗಿ ವಿವರಿಸುತ್ತಿದ್ದರು. ನಡುವೆ ಮೇಡಂ, “ದಾಖಲೆ ಪುಸ್ತಕ ತೋರಿಸಿ, ಇವರೆಲ್ಲ ನೋಡಲಿ,” ಎಂದರು.

ಇವರ ಮುಖ ಇಳಿಯಿತು. “ಅದೂ... ಮನೇಲಿ...”

“ತರಿಸಿ.”

ತಂದೆ. ಕೊಡುವಾಗ ಹೊಳೆಯಿತು, ಇದರ ತುಂಬ ಇವರನ್ನು ಬೈದದ್ದೇ ಇದೆ ಎಂದು! ಚಕ್ಕನೆ ಹಿಂದಕ್ಕೆಳೆದುಕೊಂಡೆ. “ನನ್ನ ಅಕ್ಷರ ಕೆಟ್ಟದು ಮೇಡಂ, ನಾನೇ ಓದ್ತೀನಿ.”

ಓದಿದೆ. “ಜೂನ್ ಒಂಬತ್ತು, ಬಿತ್ತನೆ.” ನಡುವಿನದನ್ನು ನುಂಗಿದೆ. “ಜೂನ್ ಇಪ್ಪತ್ತೇಳು, ಮೊದಲ ಕಳೆ. ಜುಲೈ ಹದಿನಾಲ್ಕು, ಎರಡನೇ ಕಳೆ, ಅಲಸಂದೆ ಅಡಿ ಕಳೆ ಕಡಿಮೆ. ಆಗಸ್ಟ್ ಹತ್ತೊಂಬತ್ತು, ಹೆಸರು ಮೂರನೇ ಬಿಡಿಸು.” ಪುಟ ಇಷ್ಟುದ್ದ, ಓದುವುದು ಇಷ್ಟೇ ಇಷ್ಟು. ಮೇಡಂ ಪುಟವನ್ನೂ ನನ್ನ ಮುಖವನ್ನೂ ನೋಡುತ್ತಿದ್ದರು. ಅವರಿಗೆ ಗೊತ್ತಾಯಿತೆಂದೇ ನನ್ನ ಅನುಮಾನ. ತುಟಿ ಬಿಗಿಹಿಡಿದು ನಿಂತಿದ್ದರು.

ಆಗ ಬಂದವರಲ್ಲಿ ಒಬ್ಬ ವಯಸ್ಸಾದ ಹೆಂಗಸು ಇವರನ್ನು ಕೇಳಿದರು, “ಈ ಎಂಟನ್ನೇ ಯಾಕೆ ಆರಿಸಿದ್ರಿ?”

ಇವರು ಮಣ್ಣಿನ ಸಾರ, ಬೇರಿನ ಆಳ ಎಂದು ಶುರುಮಾಡಿದರು. ಆಕೆ ನನ್ನ ಕಡೆ ತಿರುಗಿದರು. “ನೀವ್ ಹೇಳಮ್ಮ.”

ಕೆಟಲು ಕೆಳಗಿಟ್ಟೆ. “ಈ ಎಂಟು ತಪ್ಪು. ಸಜ್ಜೆ, ಎಳ್ಳು ಒಟ್ಟಿಗೆ ಬಂದು ಎಳ್ಳು ಕಳ್ಕೊಂಡ್ವಿ. ಮನೇಲಿ ಎಷ್ಟು ಕೈ ಇದೆ ನೋಡಿ, ಕೊಯ್ಲು ಒಂದಾದ್ಮೇಲೆ ಒಂದು ಬರೋ ಹಾಗೆ ಆರಿಸ್ಬೇಕು. ಹರಳು ಗಿಡ ಎತ್ತರ ಬೆಳೆದು ಕುಂಬಳಕ್ಕೆ ಬಿಸಿಲೇ ಬಿಡಲ್ಲ, ಅದನ್ನ ಉತ್ತರದ ಅಂಚಿಗೆ ಹಾಕ್ಬೇಕಿತ್ತು.”

ಹೆಂಗಸರೆಲ್ಲ ನನ್ನ ಸುತ್ತ ಬಂದುಬಿಟ್ಟರು. ಎಷ್ಟು ಹೊತ್ತು ಮಾತಾಡಿದೆನೋ. ಚಹಾ ಆರಿಹೋಯಿತು. ಮತ್ತೆ ಕಾಯಿಸಿದ್ದೂ ನಾನೇ.

ಇವರು ರಾತ್ರಿ ಊಟದಲ್ಲಿ ಮಾತಾಡಲಿಲ್ಲ. ಮಾತಾಡದಿದ್ದರೆ ಬಿಡಲಿ, ನನಗೂ ಕಿವಿಗೆ ವಿಶ್ರಾಂತಿ.

ಅಕ್ಟೋಬರ್ 12

ಮೆಕ್ಕೆಜೋಳದ ಯಂತ್ರ ಬಂತು. ಎರಡು ಎಕರೆಯನ್ನು ಚಹಾ ಕುಡಿಯುವಷ್ಟರಲ್ಲಿ ಮುಗಿಸಿ ಹೋಯಿತು. ಎಷ್ಟು ಸುಖ! ಗಡಿಬಿಡಿ ಬೇಲಿಯ ಹತ್ತಿರ ನಿಂತು ಅದನ್ನೇ ನೋಡುತ್ತಿದ್ದಳು.

ಹೆಸರು ತೆಗೆದ ಪಟ್ಟಿ ಆಗಸ್ಟಿನಿಂದ ಖಾಲಿ ಬಿದ್ದಿತ್ತು. ಹಾದುಹೋಗುವಾಗಲೆಲ್ಲ ಕಣ್ಣಿಗೆ ಚುಚ್ಚುತ್ತಿತ್ತು, ಬಾಗಿಲು ತೆರೆದಿಟ್ಟ ಮನೆಯ ಹಾಗೆ. ನೆಲದಲ್ಲಿ ಇನ್ನೂ ತೇವವಿದೆ. ಅಂಗಡಿಯಿಂದ ಕೊತ್ತಂಬರಿ ಬೀಜ ತಂದು, ಎರಡು ಹೋಳಾಗುವಂತೆ ಉಜ್ಜಿ, ಚೆಲ್ಲಿ ಬಂದೆ. ಇವರಿಗೆ ಹೇಳಿಲ್ಲ. ಹೇಳಿದರೆ ಒಂಬತ್ತು ಬೆಳೆ ಎಂದು ಇನ್ನೊಂದು ಫಲಕ ತರುತ್ತಾರೆ.

ಡಿಸೆಂಬರ್ 22

ಹೋದ ವಾರ ತೊಗರಿ ಕಡಿದು ಗುಪ್ಪೆ ಹಾಕಿದೆವು. ಏಳುವಾಗ ಬೆನ್ನು ಹಿಡಿದುಕೊಂಡಿತು, ಹಾಗೇ ನೆಲಕ್ಕೆ ಕೂತೆ. ಗಡಿಬಿಡಿ ಓಡಿಹೋಗಿ ಇವರನ್ನು ಕರೆತಂದಳು. ಇವರು ನನ್ನನ್ನು ಬೈಕಿನ ಹಿಂದೆ ಕೂರಿಸಿಕೊಂಡು, ಪ್ರತಿ ಗುಂಡಿಗೂ “ನೋವಾಯ್ತಾ? ನೋವಾಯ್ತಾ?” ಎನ್ನುತ್ತ ಮನೆಗೆ ತಂದರು. ಗುಂಡಿಗಿಂತ ಆ ಪ್ರಶ್ನೆಯೇ ಹೆಚ್ಚು ನೋವು.

ವೈದ್ಯರು ಹತ್ತು ದಿನ ಬಗ್ಗಬೇಡಿ ಎಂದಿದ್ದಾರೆ. ಹೊರಗೆ ಕಾಯಿ ಒಣಗುತ್ತಿದೆ, ನಾನು ಒಳಗೆ ಒಣಗುತ್ತಿದ್ದೇನೆ. ಒಣಗಿದ್ದನ್ನು ಇವರು ಬಡಿಯುವ ಶಬ್ದ ಮಲಗಿದಲ್ಲಿಗೇ ಕೇಳಿಸುತ್ತದೆ. ಹಾಗಲ್ಲ ಬಡಿಯುವುದು. ಹಾಗೆ ಬಡಿದರೆ ಕಾಳು ಒಡೆದು ಬೇಳೆಯಾಗುತ್ತದೆ.

ಫೆಬ್ರವರಿ 6

ಕೊತ್ತಂಬರಿ ಒಕ್ಕಿ ತೂರಿದೆವು. ಅಂಗಳವೆಲ್ಲ ಘಮಘಮ. ಇವರು ಬಂದು, “ಇದ್ಯಾವಾಗ ಹಾಕಿದ್ವಿ?” ಎಂದರು.

ಹಾಕಿದ್ವಿ!

ಏಪ್ರಿಲ್ 17

ಕಾರಿನಲ್ಲಿ ಒಬ್ಬ ಬಂದಿದ್ದ. ಸುಗಂಧದ ಹುಲ್ಲಿನ ಕಂಪನಿಯವನು. ಒಮ್ಮೆ ನೆಟ್ಟರೆ ಐದು ವರ್ಷ. ಕಂಪನಿಯವರೇ ಬಂದು ಕೊಯ್ದು, ಎಣ್ಣೆ ತೆಗೆಯಲು ಒಯ್ಯುತ್ತಾರೆ. ಐದು ಎಕರೆಗಿಂತ ಕಡಿಮೆ ಇದ್ದರೆ ಒಪ್ಪುವುದಿಲ್ಲವಂತೆ. ಅವನು ಹೋದ ಮೇಲೆ ಇವರು ನನ್ನ ಪಕ್ಕ ಬಂದು ಕೂತರು. ಇಷ್ಟು ಹತ್ತಿರ ಕೂತು ಎಷ್ಟು ದಿನವಾಗಿತ್ತೋ.

“ನೋಡೇ, ನಾನು ಕಣ್ಣು ಮುಚ್ಕೊಂಡಿಲ್ಲ. ಅವತ್ತು ನೀನು ಹೊಲದಲ್ಲಿ ಕೂತಿದ್ದು ನೋಡಿ ನಂಗೆ ಒಂಥರಾ ಆಯ್ತು. ಎಂಟು ಬೆಳೆ ಸಾಕು. ಈ ಹುಲ್ಲು ಹಾಕಿಬಿಟ್ರೆ ಐದು ವರ್ಷ ನೀನು ಹೊಲದ ಕಡೆ ತಲೆ ಹಾಕೋ ಹಾಗಿಲ್ಲ. ಕಳೆ ಇಲ್ಲ, ಕೊಯ್ಲಿಲ್ಲ, ಬಡಿಯೋದಿಲ್ಲ.”

ಒಳ್ಳೆಯದೇ ಆಯಿತು. ವರ್ಷದಿಂದ ಇದನ್ನೇ ತಾನೇ ನಾನು ಬಡಿದುಕೊಳ್ಳುತ್ತಿದ್ದದ್ದು. ಕೊನೆಗೂ ತಲೆಗೆ ಹೋಯಿತು.

ಏಪ್ರಿಲ್ 19

ಐದು ವರ್ಷವೇ?

ಮೇ 2

ಆ ಕಾರಿನವನ ಬೂಟು ನೋಡಿದೆನಲ್ಲ, ಒಂದು ಚೂರು ಮಣ್ಣಿಲ್ಲ. ಹುಲ್ಲು ಬಾರದಿದ್ದರೆ ಏನು ಎಂದು ಕೇಳಿದ್ದಕ್ಕೆ, “ಬರುತ್ತೆ ಮೇಡಂ” ಎಂದ. ಐದು ಎಕರೆಗೂ ಒಂದೇ ಹುಲ್ಲಂತೆ. ಹೋದ ವರ್ಷ ಒಂಟಿ ಕಾಲಿನ ಕಥೆ ಹೇಳಿದವರು ಈಗ ಎರಡು ಕಾಲೂ ಮಡಚಿಕೊಂಡು ಕಂಪನಿಯ ತೊಡೆಯ ಮೇಲೆ ಕೂರಲು ಹೊರಟಿದ್ದಾರೆ.

ನನಗೇನು? ನನಗೆ ಆರಾಮ. ಆದರೂ ಹೇಳಿದೆ. “ಗಡಿಬಿಡಿಗೆ ಮತ್ತೆ ಇಟ್ಟಿಗೆ ಗೂಡೇ ಗತಿ.”

“ಅವಳಿಗೋಸ್ಕರ ನೀನು ಬೆನ್ನು ಮುರ್ಕೋಬೇಕಾ?”

ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬಂತಾಯಿತು ನಮ್ಮ ಸಂಸಾರ. ಒಂದೇ ವ್ಯತ್ಯಾಸ, ಈ ಸಲ ನಾನು ಏರಿಗೋ ನೀರಿಗೋ ಎಂದು ನನಗೇ ಗೊತ್ತಾಗುತ್ತಿಲ್ಲ.

ಮೇ 26

ಅಟ್ಟದ ಮೇಲಿನ ಬೀಜದ ಡಬ್ಬಗಳನ್ನು ಇಳಿಸಿ ಬಿಸಿಲಿಗೆ ಹಾಕಿದೆ. ಹುಳ ಬೀಳಬಾರದು, ಅಷ್ಟಕ್ಕೇ. ಬಿತ್ತುವುದಿಲ್ಲ ಎಂದು ಹಾಳುಮಾಡಲಾಗುತ್ತದೆಯೇ. ಹಾಗೇ ಆರಿಸುತ್ತ ಕೂತೆ. ಎಂಟು ಬೇಡ, ಆರು ಸಾಕು. ಹೆಸರು ಮೊದಲು ಬರುತ್ತದೆ. ಅದಾಗಿ ಮೂರು ವಾರಕ್ಕೆ ಸಜ್ಜೆ. ಎಳ್ಳನ್ನು ಹದಿನೈದು ದಿನ ತಡವಾಗಿ ಹಾಕಿದರೆ ಸಜ್ಜೆ ಮುಗಿದ ಮೇಲೆ ಮಾಗುತ್ತದೆ. ಅಲಸಂದೆಯನ್ನು ತೊಗರಿಯ ಸಾಲುಗಳ ನಡುವೆ ತೂರಿಸಬಹುದು, ಕಳೆಯೂ ಕಡಿಮೆ. ಹರಳು ಉತ್ತರದ ಅಂಚಿಗೆ. ಕುಂಬಳ, ಸೂರ್ಯಕಾಂತಿ ಕೈಬಿಡಬೇಕು.

ಸುಮ್ಮನೆ ಬರೆದೆ. ಪುಸ್ತಕದಲ್ಲಿ ಪುಟ ಉಳಿದಿವೆ.

ಅತ್ತೆ ಬಂದು ಡಬ್ಬಗಳನ್ನು ನೋಡಿದರು, ನನ್ನನ್ನು ನೋಡಿದರು. “ಹುಲ್ಲು ಹಾಕೋ ಮನೇಲಿ ಬೀಜ ಯಾಕೆ ಆರಿಸ್ತೀಯ?” ಎಂದರು.

“ಹೊತ್ತು ಹೋಗ್ಬೇಕಲ್ಲ ಅತ್ತೆ.”

“ಹೂಂ, ಹೊತ್ತು ಹೋಗ್ಬೇಕು,” ಎಂದು ಪಕ್ಕದಲ್ಲಿ ಕೂತು, ಮುರುಕು ಕಾಳು ಹೆಕ್ಕತೊಡಗಿದರು.

ಜೂನ್ 4

ನಿನ್ನೆ, ಮೊನ್ನೆ ಒಳ್ಳೆಯ ಮಳೆ. ಇವರು ಕಾರಿನವನ ಜೊತೆ ಹುಲ್ಲಿನ ಸಸಿ ನೋಡಲು ಹೋಗಿ ಎರಡು ದಿನವಾಯಿತು. ನಾಡಿದ್ದು ಟ್ರ್ಯಾಕ್ಟರು ಬಂದು ಐದು ಎಕರೆಯನ್ನೂ ಆಳವಾಗಿ ಉತ್ತು ಹೋಗುತ್ತದಂತೆ, ಮುಂದಿನ ವಾರ ಸಸಿ. ಸಸಿ ಕೈಗೆ ಬಂದ ಮೇಲೇ ಸಹಿ ಎಂದು ಇವರು ಫೋನಿನಲ್ಲಿ ಹೇಳಿದರು.

ಬೆಳಿಗ್ಗೆ ಹೊಲಕ್ಕೆ ಹೋದೆ, ನೋಡಿಬರೋಣವೆಂದು. ಮೇ ತಿಂಗಳಲ್ಲೇ ಒಮ್ಮೆ ಉತ್ತಿದ್ದ ನೆಲ. ಮಣ್ಣು ಮುಷ್ಟಿಯಲ್ಲಿ ಹಿಡಿದರೆ ಉಂಡೆಯಾಗಿ, ಬಿಟ್ಟರೆ ಉದುರುತ್ತಿತ್ತು. ಇಂಥ ಹದ ವರ್ಷಕ್ಕೆ ಎರಡು ದಿನ ಸಿಕ್ಕರೆ ಹೆಚ್ಚು. ಅಂಥ ಮಣ್ಣನ್ನು ಸುಮ್ಮನೆ ಬಿಟ್ಟು ಮನೆಗೆ ಬಂದು ಏನು ಮಾಡಲಿ? ಪಾತ್ರೆ ತೊಳೆಯಲೇ?

ಗಡಿಬಿಡಿಯನ್ನು ಕರೆದೆ. ಅವಳು ಇನ್ನಿಬ್ಬರನ್ನು ಕರೆತಂದಳು. ಮಧ್ಯಾಹ್ನದ ಊಟಕ್ಕೂ ಕೂರಲಿಲ್ಲ. ಮೂರು ಎಕರೆಯಲ್ಲಿ ಎಳ್ಳಿನ ಪಟ್ಟಿ ಬಿಟ್ಟು ಉಳಿದದ್ದೆಲ್ಲ ಮುಗಿಯಿತು. ಸಂಜೆ ಬದುವಿನ ಮೇಲೆ ನಿಂತು ಸಾಲುಗಳನ್ನು ಎಣಿಸಿದೆ. ಏನು ಮಾಡಿಬಿಟ್ಟೆ!

ಜೂನ್ 6

ಬೆಳಿಗ್ಗೆಯೇ ಟ್ರ್ಯಾಕ್ಟರಿನ ಶಬ್ದ. ಇವರು ಪೇಟೆಯಿಂದ ಅದರ ಮೇಲೇ ಕೂತು ನೇರ ಹೊಲಕ್ಕೆ ಬಂದಿದ್ದರು. ನಾನು ಆಗಲೇ ಬದುವಿನ ಮೇಲಿದ್ದೆ.

ಟ್ರ್ಯಾಕ್ಟರಿನವನು ಹೊಲದ ಅಂಚಿಗೆ ಬಂದು ನಿಲ್ಲಿಸಿದ. ಇಳಿದು ಬಗ್ಗಿ ನೋಡಿದ. “ಅಣ್ಣಾ, ಇದು ಬಿತ್ತಿದ ಹೊಲ.”

“ಯಾರು ಬಿತ್ತಿದ್ದು?” ಎಂದರು ಇವರು. ಆಮೇಲೆ ನನ್ನನ್ನು ನೋಡಿದರು. “ನೀನಾ?”

“ಹೂಂ.”

“ತಲೆ ಕೆಟ್ಟಿದ್ಯಾ? ಮುಂದಿನ ವಾರ ಸಸಿ ಬರುತ್ತೆ! ನಾನು ಮಾತು ಕೊಟ್ಟು ಬಂದಿದೀನಿ. ನಿನಗೋಸ್ಕರ ತಾನೇ ನಾನು...”

“ನನಗೋಸ್ಕರ ಅಂದ್ರಲ್ಲ, ನನ್ನ ಕೇಳಿದ್ರಾ? ಎಂಟು ಬೆಳೆ ಹಾಕುವಾಗ ಕೇಳಲಿಲ್ಲ, ತೆಗೆಯುವಾಗ್ಲೂ ಕೇಳಲಿಲ್ಲ. ಬೆನ್ನು ನೋಯುತ್ತೆ, ನಿಜ. ನೋಯೋ ಬೆನ್ನಿಗೆ ಇನ್ನೊಂದು ಜೊತೆ ಕೈ ಕೊಡಿ ಅಂದೆ. ಹೊಲಾನೇ ಕಿತ್ಕೊಳ್ಳಿ ಅಂದಿರಲಿಲ್ಲ.”

“ದಿನಾ ಬೆಳಗಾದ್ರೆ ಈ ಹೊಲಾನ ಶಾಪ ಹಾಕ್ತಿದ್ದೆಯಲ್ಲೇ!”

“ಹಾಕ್ತೀನಿ. ಇನ್ಮೇಲೂ ಹಾಕ್ತೀನಿ. ಅದಕ್ಕೂ ಇದಕ್ಕೂ ಏನು ಸಂಬಂಧ?”

ಇವರು ಟ್ರ್ಯಾಕ್ಟರಿನವನ ಕಡೆ ತಿರುಗಿದರು. “ನೀನ್ ಹೊಡಿ. ನಾನು ಹೇಳ್ತಿದೀನಿ.”

ಅವನು ತಲೆ ಕೆರೆದುಕೊಂಡ. “ಬರೀ ನೆಲ ಆದ್ರೆ ಹೊಡೀತೀನಿ ಅಣ್ಣ. ಬಿತ್ತಿದ್ದರ ಮೇಲೆ ನಂಗಾಗಲ್ಲ. ಬೇರೆಯವ್ರನ್ನ ಕರೀರಿ.”

ಅಷ್ಟರಲ್ಲಿ ಅತ್ತೆ ಕೋಲೂರಿಕೊಂಡು ಬಂದಿದ್ದರು. ಮನೆಯಿಂದ ಹೊಲಕ್ಕೆ ಅವರು ನಡೆದು ಎರಡು ವರ್ಷವಾಗಿತ್ತು. ಏದುಸಿರು ಬಿಡುತ್ತ ಬದುವಿನ ಮೇಲೆ ಕೂತರು. ಮೆಕ್ಕೆಜೋಳವೇ ಸ್ವರ್ಗ ಎನ್ನುವವರು, ಮಗನ ಕಡೆಯೇ ಎಂದುಕೊಂಡೆ.

“ಮೆಕ್ಕೆಜೋಳ ಬಂದ ವರ್ಷ ನಿಮ್ಮಪ್ಪ ನನ್ನ ಕೇಳಿರಲಿಲ್ಲ ಕಣೋ,” ಎಂದರು ಇವರಿಗೆ. “ಬೆನ್ನಿಗೆ ನೆಮ್ಮದಿ ಆಯ್ತು. ಅದನ್ನ ಊರಿಗೆಲ್ಲ ಹೇಳ್ತೀನಿ. ಆದರೆ ಅವತ್ತು ಬೆಳಿಗ್ಗೆ ನಾನು ಹಾಕಿದ್ದ ಅವರೆ ಸಾಲಿನ ಮೇಲೆ ನೇಗಿಲು ಹೋಯ್ತು. ಹೂ ಬಿಟ್ಟಿತ್ತು. ಅದನ್ನ ಯಾರಿಗೂ ಹೇಳಿರಲಿಲ್ಲ.”

ಟ್ರ್ಯಾಕ್ಟರು ಇನ್ನೂ ಗುಡುಗುಡು ಎನ್ನುತ್ತಿತ್ತು. ಕೊನೆಗೆ ಇವರು, “ಅದನ್ನ ಆರಿಸೋ ಮಾರಾಯ, ತಲೆ ತಿನ್ನುತ್ತೆ,” ಎಂದರು.

ಆಮೇಲೆ ಫೋನು ತೆಗೆದುಕೊಂಡು ದೂರ ಹೋದರು. ಕಾರಿನವನು ಕೂಗಾಡುವುದು ಇಲ್ಲಿಗೂ ಕೇಳಿಸುತ್ತಿತ್ತು. ಇವರು ಬಹಳ ಹೊತ್ತು ಹೂಂ, ಹೂಂ ಎಂದರು. ಮಾತು ಕೊಟ್ಟು ತಪ್ಪಿದವರ ಮುಖ. ಅದನ್ನು ನೋಡಿ ನನಗೂ ಸಂಕಟವಾಯಿತು. ಆದರೂ ಹೋಗಿ ಸಮಾಧಾನ ಹೇಳಲಿಲ್ಲ.

ಹಿಂದೆ ಬಂದು ಟ್ರ್ಯಾಕ್ಟರಿನವನಿಗೆ, “ಆ ಎರಡು ಎಕರೆಗೆ ಮೆಕ್ಕೆಜೋಳ ಹಾಕು,” ಎಂದರು. ಅತ್ತೆಯನ್ನು ಟ್ರ್ಯಾಕ್ಟರಿನ ಮೇಲೆ ಕೂರಿಸಿ ಮನೆಗೆ ಕಳಿಸಿದೆವು. ಅವರು ರಾಣಿಯ ಹಾಗೆ ಹೋದರು.

ಜೂನ್ 25

ಕಳೆ ಕೀಳಲು ಇವರೂ ಬಂದರು. ಯಾರೂ ಕರೆದಿರಲಿಲ್ಲ. ಮೂರು ವಾರ ಮುಖ ಊದಿಸಿಕೊಂಡಿದ್ದವರು, ಇಂದು ಕಳೆಗುದ್ದಲಿ ಹೆಗಲಿಗೇರಿಸಿ ಹಿಂದೆಯೇ ಬಂದು ಸಾಲಿಗೆ ಇಳಿದರು. ನಾನೂ ಗಡಿಬಿಡಿಯೂ ಮುಖ ಮುಖ ನೋಡಿಕೊಂಡೆವು.

ಅರ್ಧ ಗಂಟೆಯಾಗಿರಬೇಕು, ತಿರುಗಿ ನೋಡುತ್ತೇನೆ, ಹತ್ತು ಮಾರು ಉದ್ದ ಸಜ್ಜೆ ಸಸಿಯನ್ನೆಲ್ಲ ಕಿತ್ತು ಒಪ್ಪವಾಗಿ ಗುಡ್ಡೆ ಹಾಕಿದ್ದಾರೆ. ಕಳೆಹುಲ್ಲನ್ನು ಜೋಪಾನವಾಗಿ ಬಿಟ್ಟಿದ್ದಾರೆ, ಬುಡಕ್ಕೆ ಮಣ್ಣು ಬೇರೆ ಏರಿಸಿ!

“ಅಯ್ಯೋ ನಿಮ್ಮ ಕೈಗೆ ಏನಾಗಿದೆ ರೀ! ಅದು ಸಜ್ಜೆ!”

“ಎರಡೂ ಒಂದೇ ಥರ ಇದೆಯಲ್ಲೇ...”

“ಮಾದರಿ ರೈತ್ರು!” ಎಂದಳು ಗಡಿಬಿಡಿ, ಮೆಲ್ಲಗೆ ಹೇಳಿದ್ದೇನೆಂದುಕೊಂಡು. ಇವರಿಗೂ ಕೇಳಿಸಿತು. ಕಿವಿ ಕೆಂಪಾಯಿತು, ಆದರೆ ಎದ್ದು ಹೋಗಲಿಲ್ಲ.

ಗುದ್ದಲಿ ಕಿತ್ತುಕೊಂಡು ಬದುವಿನ ಮೇಲೆಸೆದೆ. ಕಿತ್ತ ಜಾಗದಲ್ಲಿ ಬೆರಳಿನಿಂದ ಗುಳಿ ಮಾಡಿ, ಬೇರು ನೆಟ್ಟಗಿದ್ದ ಸಸಿಗಳನ್ನು ಮತ್ತೆ ಊರುತ್ತ ಹೋದೆ. ಮೋಡವಿದೆ, ಅರ್ಧವಾದರೂ ಹತ್ತಿಕೊಂಡಾವು. “ನನ್ನ ಹಿಂದೆ ಬನ್ನಿ. ಏನನ್ನೂ ಕೀಳಬೇಡಿ, ಮೊದಲು ನೋಡಿ. ಬುಡ ನೋಡಿ, ಸಜ್ಜೆ ಬುಡ ದುಂಡಗೆ, ಹುಲ್ಲಿನ ಬುಡ ಚಪ್ಪಟೆ. ಬೆರಳಲ್ಲಿ ಹಿಡಿದ್ರೆ ಗೊತ್ತಾಗುತ್ತೆ.”

ಬಂದರು. ಮಂಡಿಯೂರಿ, ಒಂದೊಂದು ಬುಡವನ್ನೂ ಬೆರಳಲ್ಲಿ ಹಿಡಿದು, “ಇದಾ?” ಎನ್ನುತ್ತಾರೆ. “ಅಲ್ಲ” ಎನ್ನಬೇಕು. ಮತ್ತೆರಡು ಹೆಜ್ಜೆಗೆ “ಇದಾ?” “ಹೂಂ, ಅದು, ಬಿಡಿ.” ನಾನು ಸಾಲಿನ ತುದಿ ಮುಟ್ಟಿ ಬೆನ್ನು ನೆಟ್ಟಗೆ ಮಾಡಿ ನೋಡಿದರೆ, ಇವರು ಇನ್ನೂ ಕಾಲು ಸಾಲಿನಲ್ಲಿದ್ದರು. ಈ ನಡಿಗೆಯಲ್ಲಿ ಹೋದರೆ ಕಳೆ ಮುಗಿಯುವಷ್ಟರಲ್ಲಿ ಕೊಯ್ಲೇ ಬಂದಿರುತ್ತದೆ.

ನಾಳೆಯಿಂದ ಇವರನ್ನು ಇನ್ನೂ ಬೇಗ ಎಬ್ಬಿಸಬೇಕು.